ಹಾಲೆರೆದ ಎಲೆಚೀಲ

ನಮ್ಮ ಬಯಲುಸೀಮೆಯ ಸಿದ್ದಾಪುರದ ಗುಡ್ಡದ ಮಾತು ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ, ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಒಬ್ಬ ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಹೊಂಗೆಯ ಒಣ ಎಲೆಗಳನ್ನು ತೂಗಿ, ನೈಲಾನ್ ಬಲೆಯ ಚೀಲಗಳಲ್ಲಿ ತುಂಬಿ, ಕೆಲವನ್ನು ಘಟ್ಟದ ಮಳೆಕಾಡಿನಲ್ಲೂ ಕೆಲವನ್ನು ನಮ್ಮ ಕುರುಚಲು ಗುಡ್ಡದಲ್ಲೂ ಇಡುವುದು. ಆಗಾಗ ತೆಗೆದು, ಎಲೆ ಎಷ್ಟು ಕೊಳೆತಿದೆ, ಅದರ ಸಾರ ಎಷ್ಟು ಮಣ್ಣಿಗೆ ಮರಳಿದೆ ಎಂದು ನೋಡುವುದು. ನಮ್ಮ ಸೀಮೆಯನ್ನು ಬರಡು ಎಂದು ಕರೆಯದ ಪುಸ್ತಕವನ್ನೇ ನಾನು ಓದಿರಲಿಲ್ಲ. ಈ ಗುಡ್ಡವೂ ತನ್ನ ಎಲೆಯನ್ನು ತಾನೇ ಉಂಡು ಬದುಕುತ್ತದೆ ಎಂಬುದು ಅಚ್ಚಿನಲ್ಲಿ ಬರಬೇಕು, ನನಗೆ ಬೇಕಿದ್ದದ್ದು ಅದೊಂದೇ.

ಘಟ್ಟದ ಚೀಲಗಳು ಹೇಳಿದ ಮಾತು ಕೇಳುವ ಮಕ್ಕಳು. ಮಳೆ ಬಿತ್ತು, ಬೂಷ್ಟು ಹಿಡಿಯಿತು, ಎಲೆ ಕರಗಿತು, ತೂಕ ಇಳಿಯಿತು. ನಮ್ಮವು ಬೇಸಿಗೆಯೆಲ್ಲ ಹಪ್ಪಳದಂತೆ ಬಿದ್ದಿದ್ದವು. ಮುಂಗಾರಿನ ನಾಲ್ಕು ಹನಿ ಬಿದ್ದದ್ದೇ ತಡ, ಗೆದ್ದಲು ನುಗ್ಗಿತು. ಎಲೆಯನ್ನು ತಿಂದು, ಆ ಜಾಗಕ್ಕೆ ಮಣ್ಣು ಮೆತ್ತಿತು. ತೂಗಿದರೆ ಇಟ್ಟದ್ದಕ್ಕಿಂತ ಭಾರ!

ಕೊಳೆತ ಎಲೆಯ ತೂಕ ಏರುವುದೆಂದರೇನು ಎಂದು ಸಿಡುಕುತ್ತಾ ನಮ್ಮ ಪ್ರಾಧ್ಯಾಪಕರು ಖುದ್ದು ನೋಡಲು ಬಂದರು. ಬಂದದ್ದು ನಾಗರಪಂಚಮಿಯ ಮಾರನೇ ದಿನ. ಕಾಲುದಾರಿಯ ಪಕ್ಕದ ಚೀಲಗಳ ಮೇಲೆ ಅರಿಸಿನ, ಕುಂಕುಮ, ಒಣಗಿದ ಹಾಲಿನ ಕಲೆ. ಅಲ್ಲೇ ಆಡು ಮೇಯಿಸುತ್ತಿದ್ದ ಹೆಂಗಸು ಏನೂ ಆಗಿಲ್ಲವೆಂಬಂತೆ ಹೇಳಿದಳು: "ಹೊಸ ಹುತ್ತ ಎದ್ದೈತೆ ಕಣವ್ವ. ಹಾಲೆರೀದಂಗೆ ಹೆಂಗೆ ಹೋಗಾದು?"

ಅವಳ ಮೇಲೂ ಸಿಟ್ಟು ಬಂತು. ಆದರೆ ಎಲೆಚೀಲಕ್ಕೆ ಪೂಜೆ ಮಾಡಬೇಡಿ ಎಂದು ಮೊದಲೇ ಊರಿಗೆ ಹೇಳಿಡಬೇಕೆಂದು ಯಾರಿಗೆ ಹೊಳೆಯುತ್ತದೆ?

"ಇದು ಸಂಶೋಧನೆಯೋ, ಪೂಜೆಯೋ?" ಎಂದು ಪ್ರಾಧ್ಯಾಪಕರು ಕಿರುಚಿದರು.

"ಹಾಲು ಬಿದ್ದಿರೋದು ದಾರಿ ಪಕ್ಕದವಕ್ಕೆ ಮಾತ್ರ ಸಾರ್. ಮೇಲಿನವು ಹಂಗೇ ಅವೆ. ಈ ಮಣ್ಣನ್ನೇ ಪರೀಕ್ಷೆ ಮಾಡಿಸ್ರಿ. ಎಲೆ ಇದರಾಗೇ ಐತೆ," ಎಂದೆ.

"ಎಲೆ ಕೇಳಿದರೆ ಮಣ್ಣು ತೋರಿಸ್ತೀಯಾ?" ಎಂದವರೇ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಜೀಪು ಹತ್ತಿದರು. ಮೇಲಿನ ಚೀಲಗಳ ತನಕ ಬರಲೇ ಇಲ್ಲ. ಘಟ್ಟದಲ್ಲಿ ಬೂಷ್ಟು ಮಾಡುವ ಕೆಲಸವನ್ನು ಇಲ್ಲಿ ಗೆದ್ದಲು ಮಾಡುತ್ತದೆ. ಇಷ್ಟನ್ನು ನೋಡಲು ಒಂದು ಚಿಟಿಕೆ ಮಣ್ಣು ಸಾಕಿತ್ತು. ಆ ಒಂದು ಚಿಟಿಕೆಗೂ ಅವರು ಬಗ್ಗಲಿಲ್ಲ.

ಮರುವರ್ಷ ವರದಿ ಅಚ್ಚಾಯಿತು. ಘಟ್ಟದ ಕಾಡಿಗೆ ಪುಟಗಟ್ಟಲೆ ಜಾಗ. ನಮ್ಮ ಗುಡ್ಡಕ್ಕೆ ಒಂದೇ ಸಾಲು: ಒಣಪ್ರದೇಶದ ಚೀಲಗಳು ಸಹಾಯಕಿಯ ಅಜಾಗರೂಕತೆಯಿಂದ ಹಾಳಾದವು. ನನ್ನ ಹೆಸರು ಎಲ್ಲೂ ಇರಲಿಲ್ಲ, ತಪ್ಪು ಮಾತ್ರ ಇತ್ತು. ವರದಿಯನ್ನು ಗೋಡೆಗೆ ಎಸೆದೆ.

ಮಳೆ ಬಿದ್ದ ಮೇಲೆ ಗುಡ್ಡಕ್ಕೆ ಹೋದೆ. ಚೀಲಗಳಿದ್ದಲ್ಲಿ ಹುತ್ತಗಳು ಮೊಣಕಾಲೆತ್ತರ ಎದ್ದಿದ್ದವು. ಒಂದರಿಂದ ನೈಲಾನಿನ ಎಳೆ ಇಣುಕುತ್ತಿತ್ತು. ಗುಡ್ಡದಲ್ಲಿ ಬೇರೆಲ್ಲೂ ಇಲ್ಲದಷ್ಟು ಹುಲ್ಲು ಅವುಗಳ ಸುತ್ತ ಬೆಳೆದಿತ್ತು. ಅದೇ ಆಡಿನ ಹೆಂಗಸು ಕೇಳಿದಳು: "ನಿಮ್ಮ ಸಾಹೇಬ್ರು ಈ ಸಲ ಬರ್ಲಿಲ್ವೇನವ್ವ?"

"ಇಲ್ಲಿ ಏನೂ ಸಿಗಲಿಲ್ಲ ಅಂತ ಬರ್ದವ್ರೆ," ಎಂದೆ.

ಅವಳ ಆಡುಗಳು ಆಗಲೇ ಆ ಹುಲ್ಲಿಗೆ ಬಾಯಿ ಹಾಕಿದ್ದವು.