ಅದಕ್ಕೆ ಕೇಳ್ತದೆ

ಕಬಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಂಗೀತ ಟೀಚರು ಬಸುರಿಯಾದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಹಾಡುತ್ತಿದ್ದರು. ಒಂದು ಸ್ವರ ತಪ್ಪಿದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

"ಹುಟ್ಟುವ ಮೊದಲೇ ಪಾಠ ಎಂತದ್ದು ಮಾರಾಯ್ತಿ?" ಎಂದು ಅವರ ಅತ್ತೆ ನಗುತ್ತಿದ್ದರು.

"ಅದಕ್ಕೆ ಕೇಳ್ತದೆ ಅತ್ತೆ. ತಪ್ಪು ಹೇಳಿಕೊಟ್ರೆ ಮತ್ತೆ ತಿದ್ದುದು ಕಷ್ಟ."

ಹೆಣ್ಣುಮಗು ಹುಟ್ಟಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಮಾಡಿದ ಕಿವಿಯ ಪರೀಕ್ಷೆಯಲ್ಲಿ ಅದು ಪಾಸಾಗಲಿಲ್ಲ. ಇನ್ನೊಮ್ಮೆ ಕರೆತರಲು ಹೇಳಿದರು. ಮನೆಗೆ ಬಂದ ಟೀಚರು ಮೊದಲಿನ ಹಾಗೆಯೇ ಹಾಡಿದರು. ಮಗು ಮಿಸುಕಲಿಲ್ಲ. "ಅದಕ್ಕೆ ಕೇಳ್ತದೆ" ಎಂದರು. ಈ ಸಲ ಅತ್ತೆ ನಗಲಿಲ್ಲ.

ನಾನು ನೋಡಲು ಹೋದ ಬೆಳಿಗ್ಗೆ ಅವರು ಹಾಲೂಡಿಸುತ್ತಿದ್ದರು. ಆಗ ರಸ್ತೆಯಲ್ಲಿ ಮೀನಿನವರ ಸ್ಕೂಟರಿನ ಹಾರ್ನ್ ಕೂಗಿತು. ಬಸುರಿನ ತಿಂಗಳುಗಳಲ್ಲಿ ಅವರ ಹಾಡಿನ ನಡುವೆ ದಿನವೂ ನುಗ್ಗುತ್ತಿದ್ದ ಹಾರ್ನ್ ಅದು. ಮಗು ಹಾಲು ಕುಡಿಯುವುದನ್ನು ನಿಲ್ಲಿಸಿ ಕಣ್ಣರಳಿಸಿತು.

ಟೀಚರು ಮಗುವನ್ನು ಎತ್ತಿಕೊಂಡು ಗೇಟಿಗೆ ಓಡಿದರು.

"ಒಳ್ಳೆ ಬಂಗುಡೆ ಉಂಟು. ನೀವು ಮೀನು ತಿನ್ನುದು ಯಾವಾಗಿಂದ ಅಕ್ಕ?"

"ತಿನ್ನುದಿಲ್ಲ. ನೀವು ಇನ್ನೊಮ್ಮೆ ಹಾರ್ನ್ ಒತ್ತಿ ಮಾರಾಯ್ರೆ."