ಬಾಜೂಕ ಇಟ್ಟ ಹೆಸರು

ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಂಪ್ಯೂಟರ್ ಕಲಿತವನೆಂಬ ಧಿಮಾಕು ಬೇರೆ. ತೊಂಬತ್ತರ ದಶಕದ ಕೊನೆಯ ಮಾತು. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ. ಮನೆ ಜಾಗದ ಹಕ್ಕುಪತ್ರಕ್ಕೆ ಬಂದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿ ಪಟ್ಟಿ ಮಾಡಿಕೊಡುವುದು ನಮ್ಮ ಕೆಲಸ. ಪ್ರೋಗ್ರಾಂ ಬರೆದವನು ನಾನು, ಟೈಪ್ ಮಾಡುವವರು ಕರಜಗಿಯಿಂದ ಬಂದಿದ್ದ ಒಬ್ಬ ಅಕ್ಕ.

ಅವತ್ತು ಸಂಜೆ ನಾಲ್ಕಕ್ಕೆ ಪಟ್ಟಿ ಒಯ್ಯಲು ತಹಶೀಲ್ ಕಚೇರಿಯ ಜೀಪು ಬರುವುದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಹಕ್ಕುಪತ್ರವಿಲ್ಲ. ಎರಡೂವರೆಗೆ ಇಜೇರಿಯ ಒಬ್ಬ ಮುದುಕಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ನಾಲ್ಕು ಮಡಿಕೆಯ ರಸೀತಿ.

"ಯಪ್ಪಾ, ನನ್ನ ಹೆಸರು ಬಂದದೇನು ನೋಡು. ರಸ್ತಾ ಅಗಲ ಮಾಡಾಕತ್ತಾರ, ಗುಡಿಸಲಾ ಕಿತ್ತರ ನಾ ಎಲ್ಲಿ ಹೋಗ್ಲಿ?"

ರಸೀತಿಯಲ್ಲಿ ಅರ್ಜಿ ನಂಬರ್ ಒಂದು ಎಂದಿತ್ತು. ಇಜೇರಿಯ ಪಟ್ಟಿ ತೆಗೆದರೆ ಎರಡರಿಂದ ಶುರು! ಒಂದು ಇಲ್ಲವೇ ಇಲ್ಲ.

ಅಕ್ಕನ ಮೇಲೆ ಹರಿಹಾಯ್ದೆ. "ಒಂದನೇ ಅರ್ಜಿ ಟೈಪ್ ಮಾಡೋದಽ ಬಿಟ್ಟೀರಿ. ಈಗ ಆಯಿಗೆ ನೀವಽ ಜವಾಬು ಕೊಡ್ರಿ!"

"ಇಲ್ರಿ ಸರ್, ನನ್ನ ಕೈಯಿಂದಽ ಮಾಡೇನಿ. ನನಗ ನೆನಪದ."

"ಮಾಡಿದ್ರ ಎಲ್ಲಿ ಹೋತ್ರಿ? ಕಂಪ್ಯೂಟರ್ ನುಂಗ್ತೇನು?"

ಅಕ್ಕನ ಕಣ್ಣು ತುಂಬಿತು. ಅರ್ಜಿಯ ಕಟ್ಟು ಹಿಂದಿನ ವಾರವೇ ಕಚೇರಿಗೆ ವಾಪಸ್ ಹೋಗಿತ್ತು. ಅರ್ಜಿ ಕಣ್ಣೆದುರು ಇಲ್ಲದೆ ಹೊಸದಾಗಿ ಒಂದಕ್ಷರವನ್ನೂ ಸೇರಿಸುವಂತಿರಲಿಲ್ಲ. ಆ ಮುದುಕಿ ಆಯಿ ಬಾಗಿಲ ಪಕ್ಕ ನೆಲಕ್ಕೆ ಕೂತು, ನಾವು ಜಗಳಾಡುವುದನ್ನು ನೋಡುತ್ತಿದ್ದಳು. ಗಡಿಯಾರ ಮೂರಕ್ಕೆ ಬಂದಿತ್ತು.

ಕಂಪ್ಯೂಟರಿನೊಳಗೆ ಒಂದೊಂದು ಹಳ್ಳಿಯ ಅರ್ಜಿಗಳಿಗೆ ಒಂದೊಂದು ಟೇಬಲ್, ಅಂದರೆ ಕೋಷ್ಟಕ, ಇತ್ತು. ಹೊಸ ಟೇಬಲ್ ಮಾಡಲು ಅಕ್ಕನಿಗೊಂದು ಮೆನು ಕೊಟ್ಟಿದ್ದೆ. ಆದರೆ ಪಟ್ಟಿ ಛಾಪಿಸುವ ಪ್ರೋಗ್ರಾಮಿನೊಳಗೆ ಹಳ್ಳಿಗಳ ಹೆಸರನ್ನು ನಾನೇ ಒಂದೊಂದಾಗಿ ಬರೆದಿಟ್ಟಿದ್ದೆ. ನಾನು ಬರೆಯದ ಟೇಬಲ್ ಇದ್ದರೆ ಪ್ರೋಗ್ರಾಮಿಗೆ ಅದರ ಗಂಧಗಾಳಿಯೂ ಇರುತ್ತಿರಲಿಲ್ಲ. ಇದು ತಲೆಗೆ ಹೊಳೆದದ್ದೇ ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡೆ.

ತನ್ನೊಳಗೆ ಯಾವ್ಯಾವ ಟೇಬಲ್ ಇವೆ ಎಂಬುದನ್ನು, ಅವನ್ನೆಲ್ಲ ಕೂಡಿಡುವ ಡೇಟಾಬೇಸು ತಾನೇ ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ. ಅದನ್ನೇ ಕೇಳುವ ನಾಲ್ಕು ಸಾಲು ಬರೆಯತೊಡಗಿದೆ. ಅವಸರಕ್ಕೆ ಎರಡು ಸಲ ತಪ್ಪಿತು. ಮೂರನೇ ಸಲ ಪರದೆಯ ಮೇಲೆ ಹೆಸರುಗಳು ಇಳಿದವು. ಮೊದಲು ಡೇಟಾಬೇಸಿನದೇ ಸ್ವಂತ ಟೇಬಲ್‌ಗಳು, ಅವುಗಳ ಹಿಂದೆ ನಮ್ಮ ಹಳ್ಳಿಗಳು. ಬೆರಳಿಟ್ಟು ಎಣಿಸಿದೆ. ಒಂದು ಹೆಚ್ಚಿಗೆ ಬಂತು.

ಆ ಒಂದರ ಹೆಸರು "ಬಾಜೂ", ಅಂದರೆ ಪಕ್ಕ, ಎಂದಿತ್ತು. ತೆಗೆದು ನೋಡಿದರೆ ಒಳಗೆ ಒಂದೇ ಸಾಲು. ಆಯಿಯ ಹೆಸರು, ಊರು ಇಜೇರಿ, ಅರ್ಜಿ ನಂಬರ್ ಒಂದು. ಷರಾ ಎಂಬಲ್ಲಿ ವಿಧವೆ.

"ಇದೇನ್ರಿ ಅಕ್ಕಾ ಇದು?"

ಅಕ್ಕ ನೆಲ ನೋಡುತ್ತಾ ಹೇಳಿದರು: "ನೀವಽ ಅಂದಿದ್ರಲ್ರೀ ಸರ್. ಕೆಲಸ ಶುರು ಮಾಡಿದ ದಿನ. ಮೊದಲನೇ ಅರ್ಜಿನಽ ಗಂಡ ಸತ್ತಾಕೀದು ಬ್ಯಾಡ, ಬಾಜೂಕ ಇಡ್ರಿ ಅಂತ. ಅದಕ್ಕಽ ಬ್ಯಾರೆ ಮಾಡಿ ಇಟ್ಟೆ. ನೀವು ಆಮ್ಯಾಲ ಸೇರಸ್ತೀರಂತ ತಿಳದಿದ್ದೆ."

ಥೂ, ನನ್ನ ಜನ್ಮಕ್ಕಿಷ್ಟು! ಅಂದದ್ದು ನಾನೇ. ಹೊಸ ಕಂಪ್ಯೂಟರಿಗೆ ಕಾಯಿ ಒಡೆದು, ಕುಂಕುಮ ಹಚ್ಚಿ, ನಗುನಗುತ್ತಾ ಅಂದಿದ್ದೆ. ಅಂದು ಮರೆತೂ ಬಿಟ್ಟಿದ್ದೆ. ನಮ್ಮದು ದಿನಾ ವಚನ ಹೇಳುವ ಮನೆ. ಶಕುನ ಅಪಶಕುನ ಎಲ್ಲ ಸುಳ್ಳು ಎಂದು ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ತಂದವನು ನಾನು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ಸಾಲನ್ನು ಇಜೇರಿಯ ಟೇಬಲ್ಲಿಗೆ ಸೇರಿಸಿ ಪ್ರಿಂಟ್ ಕೊಟ್ಟೆ. ಪ್ರಿಂಟರು ಕರಕರ ಎನ್ನುತ್ತಿರುವಾಗಲೇ ಕೆಳಗೆ ಜೀಪಿನ ಸದ್ದು ಕೇಳಿತು. ಹಾಳೆ ಹರಿದು ತಂದು ಆಯಿಗೆ ಬೆರಳಿಟ್ಟು ತೋರಿಸಿದೆ.

"ಬಂದದ ಆಯಿ, ಇಲ್ನೋಡು."

"ಎಷ್ಟನೇದಪಾ?"

"ಮೊದಲನೇದು."

ಆಕೆ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಆಕೆಯ ಮುಖ ಸಣ್ಣದಾಯಿತು.

"ಬ್ಯಾಡೋ ಯಪ್ಪಾ. ನನ್ನಂಥಾಕಿ ಹೆಸರು ಎಲ್ಲಾರಕಿಂತ ಮೊದಲ ಹಾಕ್ತಾರೇನು? ಊರ ಮಂದಿಗಿ ಛಲೋ ಆಗಂಗಿಲ್ಲ. ಎಲ್ಲ್ಯರೆ ಬಾಜೂಕ ಹಾಕು."

ಅಕ್ಕ ನನ್ನ ಮುಖ ನೋಡಿದರು. ಬಾಜೂಕ ಇಟ್ಟವನು ನಾನೇ ಎಂದು ಆಯಿಗೆ ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಆಯಿ, ಅಲ್ಲೇ ಇರ್ತದ" ಎಂದಷ್ಟೇ ಹೇಳಿ, ಪಟ್ಟಿ ಹಿಡಿದು ಮೆಟ್ಟಿಲಿಳಿದೆ.