ಚಿನ್ನದ ಬೊಟ್ಟು

ಗಡ್ಡ ಹೆರೆದುಕೊಳ್ಳುವಾಗ ಮನುಷ್ಯ ತನ್ನ ಕೆನ್ನೆಯನ್ನಲ್ಲದೆ ಬೇರೇನನ್ನೂ ನೋಡಬಾರದೆಂಬುದು ನನ್ನ ಅನುಭವಜನ್ಯ ಸಿದ್ಧಾಂತ. ಹೋದ ತಿಂಗಳು ನಾನು ಕಣ್ಣು ನೋಡಿಕೊಂಡೆ. ಮೂಗಿನ ಪಕ್ಕದ ರೆಪ್ಪೆಯ ಮೇಲೆ ಎಳ್ಳುಗಾತ್ರದ ಎರಡು ಹಳದಿ ಉಬ್ಬುಗಳಿದ್ದವು. ನನಗೆ ಹೆಮ್ಮೆಯಾಯಿತು.

ನಗಬೇಡಿ, ಕಾರಣವಿದೆ. ಮಂಚೇನಹಳ್ಳಿಯ ನಮ್ಮ ಮನೆತನದಲ್ಲಿ ಇದರ ಹೆಸರು ಚಿನ್ನದ ಬೊಟ್ಟು. ಬೊಟ್ಟು ಬಂದವನ ಮೇಲೆ ಲಕ್ಷ್ಮೀಕಟಾಕ್ಷವಿದೆಯೆಂದು ಅಜ್ಜಿ ತೀರ್ಮಾನಿಸಿದ್ದರಿಂದ, ಪಂಕ್ತಿಯಲ್ಲಿ ಅವನಿಗೇ ಮೊದಲ ತುಪ್ಪ, ಅದೂ ಉಳಿದವರಿಗಿಂತ ಒಂದು ಪಾಲು ಹೆಚ್ಚು. ತಾತನಿಗೂ ಅಪ್ಪನಿಗೂ ಬೊಟ್ಟಿತ್ತು. ಇಬ್ಬರೂ ಐವತ್ತೈದು ದಾಟಲಿಲ್ಲ. ಅಪ್ಪ ಹಬ್ಬದೂಟ ಮುಗಿಸಿ, ಬಸ್ಸಿಗೆ ಕಾಯುತ್ತ, ಎದೆ ಹಿಡಿದುಕೊಂಡು ಕುಳಿತವರು ಏಳಲೇ ಇಲ್ಲ. ಲಕ್ಷ್ಮಿಯ ಮೇಲೆ ಯಾರೂ ಸಂಶಯಪಡಲಿಲ್ಲ.

ಹೆಂಡತಿಗೆ ಮಾತ್ರ ಹೆಮ್ಮೆಯಾಗಲಿಲ್ಲ. ನನ್ನನ್ನು ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಿದಳು. ಅಲ್ಲಿನ ಡಾಕ್ಟರಮ್ಮ ನಾಡಿಗಿಂತ ಮೊದಲು ರೆಪ್ಪೆ ನೋಡಿದರು, ಅಪ್ಪ ತೀರಿಕೊಂಡ ವಯಸ್ಸು ಕೇಳಿದರು, ಕೊನೆಗೆ ನಾನು ಉಸಿರು ಒಳಗೆಳೆದುಕೊಂಡಿದ್ದರೂ ಟೇಪಿನಿಂದ ಸೊಂಟ ಅಳೆದರು. ರಕ್ತಪರೀಕ್ಷೆಯ ವರದಿ ಬಂದ ಮೇಲೆ, "ರೆಪ್ಪೆ ಮೇಲಿರೋದು ಕೊಲೆಸ್ಟ್ರಾಲು, ವಂಶದಿಂದ್ಲೇ ಬಂದಿದೆ. ಜೊತೆಗೆ ಇನ್ಸುಲಿನ್ ಇದ್ರೂ ಮೈ ಅದರ ಮಾತು ಕೇಳ್ತಿಲ್ಲ. ಎರಡೂ ಸೇರಿದ್ರೆ ಹಾರ್ಟಿಗೆ ಅಪಾಯ ಜಾಸ್ತಿ. ಮಾತ್ರೆನೂ ಬೇಕು, ನಡಿಗೆನೂ ಬೇಕು. ಮಗಳಿಗೂ ಟೆಸ್ಟ್ ಮಾಡ್ಸಿ, ಕಣ್ಣ ಮೇಲೆ ಏನೂ ಕಾಣ್ದಿದ್ರೂ" ಎಂದರು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ, ಎದುರಿಗಿದ್ದೂ ಮಾತು ಕೇಳದಿರುವುದೆಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಕಷ್ಟವಾದದ್ದು ಅಮ್ಮನಿಗೆ ಹೇಳುವುದು. ಅಪ್ಪನ ಎಲೆಗೆ ಅಷ್ಟು ವರ್ಷ ಆ ಹೆಚ್ಚಿನ ತುಪ್ಪ ಬಡಿಸಿದವಳು ಅವಳೇ. ಗ್ಯಾಸ್ ಟ್ರಬಲ್ಲೆಂದು ಮೂರು ದಿನ ತುಪ್ಪ ತಪ್ಪಿಸಿಕೊಂಡೆ. ನಾಲ್ಕನೆಯ ದಿನ ಅಮ್ಮ ತುಪ್ಪದ ಮಿಳ್ಳೆ ಹಿಡಿದು ಕದಲದೆ ನಿಂತಳು. ಹೇಳಿದೆ. ಅವಳು, "ಹಂಗಾದ್ರೆ ನಿಮ್ಮಪ್ಪನ್ನ ನಾನೇ ಬಡಿಸಿ ಬಡಿಸಿ ಕಳಿಸ್ದೆ ಅನ್ನು" ಅಂದಳು.

"ತುಪ್ಪ ಅಲ್ಲಮ್ಮ, ಹುಟ್ತಾನೇ ರಕ್ತದಲ್ಲಿ ಬಂದಿದ್ದು. ಬರೀ ಸಾರನ್ನ ಉಂಡಿದ್ರೂ ಇರ್ತಿತ್ತು."

ಡಾಕ್ಟರಮ್ಮ ಹೇಳಿದ್ದೂ ಹೆಚ್ಚುಕಡಿಮೆ ಇದೇ. ತುಪ್ಪ ಪೂರ್ತಿ ನಿರಪರಾಧಿಯಲ್ಲವೆಂಬ ಭಾಗವನ್ನಷ್ಟೇ ಬಿಟ್ಟೆ. ಅಮ್ಮ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮಿಳ್ಳೆಯನ್ನು ಒಳಗಿಟ್ಟು ಬಂದು, "ಮಗೂನ ಯಾವತ್ತು ಕರ್ಕೊಂಡು ಹೋಗ್ತೀಯಪ್ಪ?" ಎಂದು ಕೇಳಿದಳು. ನಾಳೆಯೇ ಎಂದೆ.

ಮರುದಿನ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಸಿದ್ಧಾಂತ ಮುರಿದು ಮತ್ತೆ ಕಣ್ಣು ನೋಡಿಕೊಂಡೆ. ಬೊಟ್ಟುಗಳಿದ್ದವು, ಹೆಮ್ಮೆಯಿರಲಿಲ್ಲ. ಕನ್ನಡಿಯೊಳಗೆ ನನ್ನ ಬೆನ್ನ ಹಿಂದೆ ಅಮ್ಮ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಹುಡುಗಿ ಕೋಡುಬಳೆಯ ಡಬ್ಬಕ್ಕೆ ಕೈಹಾಕಿದಳು. ಅಮ್ಮ ಅದನ್ನು ಕಿತ್ತುಕೊಂಡು ಅಟ್ಟದ ಮೇಲಿಟ್ಟಳು. ತನ್ನ ಎಪ್ಪತ್ತೈದು ವರ್ಷದಲ್ಲಿ ಅವಳು ಒಂದು ಮಗುವಿನ ಕೈಯಿಂದ ತಿಂಡಿ ಕಸಿದದ್ದು ಅದೇ ಮೊದಲು.